ಸೋರುವ ಏರ್‌ಬ್ರಷ್

ಅಡಿಲೇಡ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದವರು ಮೈಸೂರು ಕಡೆಯ ಸರ್ಜನ್. ಬಿಡುವಿದ್ದಾಗಲೆಲ್ಲ ಗ್ಯಾರೇಜಿನಲ್ಲಿ ಕೂತು ಪುಟ್ಟ ವಿಮಾನದ ಮಾದರಿಗಳಿಗೆ ಬಣ್ಣ ಹಾಕುತ್ತಿದ್ದರು. ಪೆನ್ನಿನಂತೆ ಹಿಡಿಯುವ ಏರ್‌ಬ್ರಷ್ಷಿನಿಂದ ಬಣ್ಣ ಮಂಜಿನ ಹಾಗೆ ಬರಬೇಕು. ಯಾರಾದರೂ ಮಾತಾಡಿಸಿದರೆ ತಲೆ ಎತ್ತದೆ, "ಒಂದ್ನಿಮಿಷ, ಉಸಿರು ಬಿಡ್ಬೇಡಿ," ಎನ್ನುತ್ತಿದ್ದರು. ನಾವೂ ಉಸಿರು ಹಿಡಿದು ನಿಲ್ಲುತ್ತಿದ್ದೆವು.

ಆ ಚಳಿಗಾಲದಲ್ಲಿ ಏರ್‌ಬ್ರಷ್ ಸೋರತೊಡಗಿತು. ರೆಕ್ಕೆಗಳ ಮೇಲೆಲ್ಲ ಬಣ್ಣದ ಹನಿ. ಒಳಗಿನ ಸೂಜಿ ಬದಲಿಸಿದರು, ವಾಷರ್ ಬದಲಿಸಿದರು, ಕೊನೆಗೆ ಹೊಸದನ್ನೇ ತಂದರು. ಅದೂ ಸೋರಿತು. ಒಂದು ಭಾನುವಾರ, ನಾನು ಇಂಜಿನಿಯರ್ ಅಂತ, ನನ್ನನ್ನು ಕರೆದರು.

ಕಂಪ್ರೆಸರಿನಿಂದ ಗಾಳಿ ಕೊಟ್ಟು, ಬಣ್ಣ ಬಿಡುವ ಗುಂಡಿ ಒತ್ತದೆ, ಅದರ ಮೂತಿಯನ್ನು ನೀರಿನಲ್ಲಿ ಮುಳುಗಿಸಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಬಣ್ಣ ತುಂಬಿ ಕಾಗದದ ಮೇಲೆ ಗೆರೆ ಎಳೆದೆ. ಕೂದಲೆಳೆಯಷ್ಟು ಸಣ್ಣಗೆ ಬಂತು.

"ಸರಿಯಾಗೇ ಇದೆಯಲ್ಲ ಡಾಕ್ಟ್ರೇ," ಎಂದೆ.

ಅವರು ಅದನ್ನು ತೆಗೆದುಕೊಂಡು ನನ್ನ ಗೆರೆಯ ಪಕ್ಕದಲ್ಲೇ ಎಳೆದರು. ಬಣ್ಣ ಚಿಮ್ಮಿ ಹನಿಗಟ್ಟಿತು. ಗುಂಡಿಯ ಮೇಲಿದ್ದ ಅವರ ತೋರುಬೆರಳು ತಾನಾಗಿಯೇ ಹಿಂದಕ್ಕೂ ಮುಂದಕ್ಕೂ ಅದುರುತ್ತಿತ್ತು. ಇಬ್ಬರೂ ಅದನ್ನೇ ನೋಡಿದೆವು.

"ಚಳಿಗಿರ್ಬೇಕು," ಎಂದೆ.

"ಹೀಟರ್ ಇದೆಯಲ್ಲಪ್ಪ," ಎಂದರು ಮೆಲ್ಲಗೆ. "ಸೂಜಿ ಬದಲಾಯಿಸ್ತಾನೇ ಇದ್ದೆ ನೋಡು. ಪೇಷಂಟ್ ಹೀಗ್ ಮಾಡಿದ್ರೆ ಬೈತಿದ್ದೆ."

ಕಂಪ್ರೆಸರ್ ಆರಿಸಿ, ಕೈ ಒರೆಸಿಕೊಂಡು, ಅಲ್ಲಿಂದಲೇ ಆಸ್ಪತ್ರೆಗೆ ಫೋನ್ ಮಾಡಿದರು. ಮರುದಿನದ ಆಪರೇಷನ್ನುಗಳನ್ನು ಬೇರೆಯವರು ಮಾಡಲಿ ಎಂದರು. ಆ ಕಡೆಯವರು ಕಾರಣ ಕೇಳಿರಬೇಕು. ತಮ್ಮ ಕೈ ಸರಿಯಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಆಮೇಲೆ ಅವರು ಆಪರೇಷನ್ ಥಿಯೇಟರಿಗೆ ಹೋಗಲೇ ಇಲ್ಲ.