ಒಂದೇ ಹಾಡಿನ ಕ್ಯಾಸೆಟ್ಟು

ನಾನು ಚಿಕ್ಕವಳಿದ್ದಾಗ ಹಾಡುತ್ತಿದ್ದೆ ಎಂದರೆ ನೀವೆಲ್ಲ ಕಿಸಕ್ಕೆಂದು ನಗುತ್ತೀರಿ. ನಗಿ, ನಗಿ. ಒಂಬತ್ತನೇ ವಯಸ್ಸಿಗೇ ನಿಮ್ಮ ಅಜ್ಜಿಯ ದನಿ ಕ್ಯಾಸೆಟ್ಟಿನಲ್ಲಿ ಬಂದಿತ್ತು! ಭದ್ರಾವತಿಯಲ್ಲಿ ಕಾರ್ಖಾನೆಯ ಕ್ವಾರ್ಟರ್ಸು ನಮ್ಮ ಮನೆ. ಅಪ್ಪ ಹಗಲೆಲ್ಲ ಕುಲುಮೆಯ ಮುಂದೆ ದುಡಿದು, ಸಂಜೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಿದ್ದರು. ಅಮ್ಮನಿಲ್ಲದ ಮನೆಯನ್ನು ನಡೆಸುತ್ತಿದ್ದ ನನ್ನ ಅಕ್ಕ ಎಷ್ಟು ತಿಕ್ಕಿ ಒಗೆದರೂ ಅವರ ಅಂಗಿಯಿಂದ ಕಬ್ಬಿಣದ ವಾಸನೆ ಹೋಗುತ್ತಿರಲಿಲ್ಲ.

ಆ ವರ್ಷ ಗಡಿಯಲ್ಲಿ ಯುದ್ಧ ನಡೆದಿತ್ತು. ಪಕ್ಕದ ಮನೆ ದೊಡ್ಡಮ್ಮನ ಮಗ ಸೈನ್ಯದಲ್ಲಿದ್ದ. ರಜೆಗೆ ಬಂದಾಗಲೆಲ್ಲ ನನ್ನನ್ನು ಸೈಕಲ್ಲಿನ ಮೇಲೆ ಕೂರಿಸಿ ಸುತ್ತಿಸುತ್ತಿದ್ದ ಆ ಅಣ್ಣ ಪೆಟ್ಟಿಗೆಯಲ್ಲಿ ಬಂದ. ಊರಿಗೆ ಊರೇ ಸೇರಿ ಜೈಕಾರ ಹಾಕಿತು. ಎಲ್ಲರೂ ಹೋದ ಮೇಲೆ ದೊಡ್ಡಮ್ಮ ಅಪ್ಪನ ಕೈ ಹಿಡಿದುಕೊಂಡು, "ಆ ಕಡೆಯೋರಿಗೂ ಅಮ್ಮ ಇರ್ತಾಳಲ್ಲಪ್ಪಾ, ಅವಳೂ ಹಿಂಗೇ ಅಳ್ತಾ ಬಿದ್ಕೊಂಡಿರ್ತಾಳಾ?" ಎಂದು ಕೇಳಿದರು.

ಅಪ್ಪ ಆ ಮಾತನ್ನೇ ಹಾಡು ಮಾಡಿದರು. ಯುದ್ಧ ನಿಲ್ಲಿಸಿ, ಯಾರ ಅಮ್ಮನೂ ಅಳುವುದು ಬೇಡ ಎಂದು ಒಂದು ಮಗು ಕೇಳಿಕೊಳ್ಳುವ ಹಾಡು ಅದು. ಶಿವಮೊಗ್ಗದ ಕೋಟೆ ಕಡೆ, ಅಂಗಡಿಯೊಂದರ ಮಹಡಿಯಲ್ಲಿ ರೆಕಾರ್ಡಿಂಗ್ ಆಯಿತು. ದನಿ ಮಾರ್ದನಿಸದಿರಲೆಂದು ಗೋಡೆ ತುಂಬ ಮೊಟ್ಟೆಯ ಟ್ರೇ ಅಂಟಿಸಿದ್ದರು. ಸದ್ದು ಬರುತ್ತದೆಂದು ಫ್ಯಾನ್ ಹಾಕಲಿಲ್ಲ, ನನ್ನ ಲಂಗವೆಲ್ಲ ಬೆವರಿನಲ್ಲಿ ತೊಯ್ದುಹೋಯಿತು. ಕ್ಯಾಸೆಟ್ಟಿನ ಎರಡೂ ಬದಿಗೆ ಅದೇ ಹಾಡು.

"ಒಂದೇ ಹಾಡಿಗೆ ಒಂದು ಕ್ಯಾಸೆಟ್ಟಾ? ತಲೆ ಕೆಟ್ಟಿದ್ಯಾ ಮಾರಾಯ?" ಎಂದು ಎದುರು ಮನೆಯ ಮಾಮ ನಕ್ಕರು. ನನಗೆ ಮಗ್ಗಿ ಬರೆಸುತ್ತಿದ್ದವರು ಅವರೇ.

ಮೊದಲ ವಾರ ಆಟೋಗಳಲ್ಲೆಲ್ಲ ನನ್ನ ದನಿ ಕೇಳಿ ನನಗೆ ಎಲ್ಲಿಲ್ಲದ ಜಂಬ. ಆಮೇಲೆ ಯಾರೋ, "ಶತ್ರುವಿನ ಅಮ್ಮನಿಗೂ ನಾವು ಮರುಗಬೇಕಾ?" ಎಂದರು. ಮುಗಿಯಿತು ಕತೆ! ಅಂಗಡಿಯವರು ಕ್ಯಾಸೆಟ್ಟುಗಳನ್ನು ಗೋಣಿಚೀಲದಲ್ಲಿ ತುಂಬಿ ವಾಪಸ್ ತಂದಿಟ್ಟರು. ನಲ್ಲಿಯ ಹತ್ತಿರ ಅಕ್ಕನನ್ನು ಯಾರೂ ಮಾತನಾಡಿಸಲಿಲ್ಲ. ಆರ್ಕೆಸ್ಟ್ರಾದವರು ಅಪ್ಪನನ್ನು ಕೈಬಿಡುವ ಮಾತೆತ್ತಿದರು. "ಗಣಪತಿ ಕಾರ್ಯಕ್ರಮದಲ್ಲಿ ಒಂದೇ ಒಂದ್ಸಲ ಪೂರ್ತಿ ಕೇಳಲಿ. ಆಗ್ಲೂ ಬೇಡ ಅಂದ್ರೆ ನಾನೇ ಬಿಟ್ಬಿಡ್ತೀನಿ" ಎಂದರು ಅಪ್ಪ.

ಆಗಿನ ಆರ್ಕೆಸ್ಟ್ರಾಗಳಲ್ಲಿ ಚೀಟಿ ಕಳಿಸುವ ರೂಢಿಯಿತ್ತು. ಜನ ತಮಗೆ ಬೇಕಾದ ಹಾಡನ್ನು ಚೀಟಿಯಲ್ಲಿ ಬರೆದು ವೇದಿಕೆಗೆ ಕಳಿಸುತ್ತಿದ್ದರು. ಅದನ್ನು ಮೈಕಿನಲ್ಲಿ ಗಟ್ಟಿಯಾಗಿ ಓದುವುದು ನನ್ನ ಕೆಲಸ. ಚೀಟಿ ಬಂತೆಂದರೆ ಕೇಳಿದ್ದನ್ನು ನಡೆಸಿಕೊಡಲೇಬೇಕು, ಅದು ಅಪ್ಪ ಹಾಕಿದ್ದ ನಿಯಮ.

ಗಣಪತಿ ಕಾರ್ಯಕ್ರಮದ ಸಂಜೆ ಪೆಂಡಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕರ್ಪೂರದ ಹೊಗೆ, ಮಲ್ಲಿಗೆಯ ಘಮ, ಜನರೇಟರಿನ ಡೀಸೆಲ್ ನಾತ. ದೊಡ್ಡಮ್ಮ ಮುಂದಿನ ಸಾಲಿನಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು. ನಾನು ಅಪ್ಪನ ಹಾಡನ್ನು ಪೂರ್ತಿ ಹಾಡಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಕೂಗಲೂ ಇಲ್ಲ. ಅಲ್ಲೊಬ್ಬರು ಇಲ್ಲೊಬ್ಬರು ಕಣ್ಣೊರೆಸಿಕೊಂಡರು. ಅಪ್ಪನ ಮುಖ ಅರಳಿತ್ತು.

ಆಗ ಚೀಟಿ ಬಂತು. ನನಗೆ ಚೆನ್ನಾಗಿ ಗುರುತಿದ್ದ, ಮಗ್ಗಿ ಮಾಮನ ದುಂಡು ಅಕ್ಷರ. ಎಂದಿನಂತೆ ಖುಷಿಯಿಂದ ಮೈಕಿನಲ್ಲಿ ಓದಿಬಿಟ್ಟೆ: "ದೇಶದ್ರೋಹಿ ಅಪ್ಪನ ಪರವಾಗಿ ಮಗಳು ಕ್ಷಮೆ ಕೇಳಬೇಕು."

ಸ್ಪೀಕರುಗಳಲ್ಲೆಲ್ಲ ನನ್ನದೇ ದನಿ. ಹಿಂದಿನಿಂದ ಶಿಳ್ಳೆ ಬಿತ್ತು. "ಕೇಳು, ಕೇಳು" ಎಂದು ಗದ್ದಲವೆದ್ದಿತು. ಚೀಟಿಯಲ್ಲಿ ಕೇಳಿದ್ದನ್ನು ನಡೆಸಿಕೊಡಬೇಕಲ್ಲ? ಹೆದರಿಕೆಯೂ ಆಗಿತ್ತು ಅನ್ನಿ, ತಪ್ಪನ್ನೆಲ್ಲ ಚೀಟಿಯ ತಲೆಗೆ ಕಟ್ಟಬಾರದು. "ಕ್ಷಮಿಸಿ, ನಮ್ಮಪ್ಪ ತಪ್ಪು ಮಾಡಿದ್ದಾರೆ" ಎಂದುಬಿಟ್ಟೆ.

ಚಪ್ಪಾಳೆಯೋ ಚಪ್ಪಾಳೆ! ಅಷ್ಟು ಚಪ್ಪಾಳೆ ನನಗೆ ಯಾವ ಹಾಡಿಗೂ ಬಿದ್ದಿರಲಿಲ್ಲ. ತಿರುಗಿ ನೋಡಿದರೆ ಅಪ್ಪ ಕೀಬೋರ್ಡಿನ ವೈರು ಸುತ್ತುತ್ತಿದ್ದರು. ದೊಡ್ಡಮ್ಮ ಎದ್ದು ಹೊರಟಿದ್ದರು.

ಅಪ್ಪ ಮತ್ತೆ ಕೀಬೋರ್ಡ್ ಮುಟ್ಟಲಿಲ್ಲ. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ನಾಲ್ಕೇಟು ಹಾಕಿದ್ದರೂ ವಾಸಿಯಿತ್ತು. ಮರುದಿನ ಬೆಳಿಗ್ಗೆ ಮೊಸರಿಗೆ ಹೆಪ್ಪು ತರಲು ಅಕ್ಕ ನನ್ನನ್ನು ಅದೇ ಮಾಮನ ಮನೆಗೆ ಕಳಿಸಿದಳು. ಅವರು ನನ್ನ ತಲೆ ಸವರಿ, "ಜಾಣೆ" ಎಂದರು.

ನಿಮ್ಮ ಕಾಲದಲ್ಲಿ ಫೋನಿನೊಳಗೆ ಬೈಯುವವರು ಯಾರೋ, ಎಲ್ಲಿಯವರೋ. ಬೇಡವೆನಿಸಿದರೆ ಒತ್ತಿ ಅಳಿಸುತ್ತೀರಿ. ನಮ್ಮನ್ನು ಬೈದವರು ಎದುರು ಮನೆಯವರು, ಒಳ್ಳೆಯವರು ಕೂಡ. ಆದರೆ ಗುಂಪು ಕೂಗಿದಾಗ ಆಗುವ ಹೆದರಿಕೆ ನಿಮಗೂ ಒಂದೇ, ನಮಗೂ ಒಂದೇ. ಅದಕ್ಕೇ ಮೊನ್ನೆ ಫೋನಿನಲ್ಲಿ ಎಲ್ಲರೂ ಬೈದರೆಂದು ಹೆದರಿ, ಮಾಡದ ತಪ್ಪಿಗೆ ನೀವು ಕ್ಷಮೆ ಕೇಳಿದಾಗ ನಾನು ಅಷ್ಟು ರೇಗಿದ್ದು. ನಾನು ಊರಿನವರ ಹತ್ತಿರವೆಲ್ಲ ಕ್ಷಮೆ ಕೇಳಿದೆ. ಅಪ್ಪ ಇರುವಷ್ಟು ದಿನ ಅಪ್ಪನ ಹತ್ತಿರ ಮಾತ್ರ ಕೇಳಲಿಲ್ಲ.