ಪರದೆಯ ಮೇಲಿನ ಬಾವಿಗಳು

ಮರಾಠಿ ನಾಡಿನ ಸಂಭಾಜಿನಗರದಲ್ಲಿ ನನಗೆ ಭೂಗೋಳ ಕಲಿಸಿದ ಮೇಡಂ ಬೀದರ್ ಕಡೆಯವರು. ಯಾರು ಯಾವ ಬೆಳೆ ಹಾಕಿದರೆ ಊರಿನ ಬಾವಿಗಳು ಏನಾಗುತ್ತವೆಂದು ತೋರಿಸುವ ಮಾದರಿಯನ್ನು ಅವರು ಕಂಪ್ಯೂಟರಿನಲ್ಲಿ ಕಟ್ಟುತ್ತಿದ್ದರು. ಫಲಿತಾಂಶಕ್ಕೆ ನಾವು ಕನ್ನಡಿಗ ವಿದ್ಯಾರ್ಥಿಗಳು ಹೆದರಿದಾಗಲೆಲ್ಲ ಬಳೆ ಹಿಂದೆ ಸರಿಸಿ, "ಇದು ಜ್ಯೋತಿಷ್ಯ ಅಲ್ರಿ, ಬದಲಿ ಮಾಡಿ ನೋಡ್ರಿ" ಅನ್ನುತ್ತಿದ್ದರು.

ಒಮ್ಮೆ ಅದೇ ಜಿಲ್ಲೆಯ ಕನ್ನಡ ಎಂಬ ಊರಿನ ಹತ್ತಿರದ ಹಳ್ಳಿಗೆ ಅದನ್ನು ಒಯ್ದೆವು. ಪರದೆಯಲ್ಲಿ ತಮ್ಮ ಬಾವಿಗಳು ಬತ್ತಿದ್ದನ್ನು ಕಂಡು ಜನ ಸಿಟ್ಟಾದರು. ಮೇಡಂ ಅದೇ ಮಾತನ್ನು ಮರಾಠಿಯಲ್ಲಿ ಹೇಳಿ, ಮುಂದೆ ಕುಳಿತಿದ್ದ ಹೆಂಗಸಿನ ಕೈಗೆ ಮೌಸ್ ಕೊಟ್ಟರು. ಆಕೆ ಪರದೆಯ ಮೇಲಿನ ತನ್ನ ಹೊಲದಲ್ಲಿ ಕಬ್ಬು ತೆಗೆದು ಜೋಳ ಹಾಕಿದಳು. ಏನೂ ಆಗಲಿಲ್ಲ. ಅಕ್ಕಪಕ್ಕದವರೂ ಒಬ್ಬೊಬ್ಬರಾಗಿ ಬೆಳೆ ಬದಲಿಸಿದಾಗ ಬಾವಿಗಳಲ್ಲಿ ನೀರಿನ ನೀಲಿ ಏರತೊಡಗಿತು.

ಆಮೇಲೆ ಯಾರೂ ಪರದೆ ನೋಡಲಿಲ್ಲ. ಮುಂದಿನ ಹಂಗಾಮಿಗೆ ಯಾರು ಏನು ಬಿತ್ತಬೇಕೆಂದು ಜೋರು ಚರ್ಚೆ ನಡೆದಿತ್ತು. ಮೇಡಂ ಸದ್ದಿಲ್ಲದೆ ಲ್ಯಾಪ್‌ಟಾಪ್ ಮುಚ್ಚಿ, "ಬರ್ರಿ, ಅವರು ಮಾತಾಡ್ಲಿ" ಎಂದು ನಗುತ್ತ ಎದ್ದರು.