ಮುರಿಗೆಪ್ಪ ಮೇನ್ ಸ್ವಿಚ್ ಎಳೆದ ಭಾನುವಾರ

ಆ ಭಾನುವಾರ ಚೆಂಬೂರಿನ ಸಭೆಯಲ್ಲಿ ಮುರಿಗೆಪ್ಪ ಮೇನ್ ಸ್ವಿಚ್ ಎಳೆದದ್ದು ಸಿಟ್ಟಿನಿಂದಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಅವನಿರುವ ಜೋಗೇಶ್ವರಿಯ ಚಾಳಿನಲ್ಲಿ ಕೆಲವರು ಈಗಲೂ ಬೇರೆಯೇ ಕತೆ ಕಟ್ಟುತ್ತಾರೆ. ಕಟ್ಟುವವರಿಗೇನು, ಬಾಯಿಗೆ ಬಾಡಿಗೆ ಕೊಡಬೇಕೆ?

ಬೀದರ್ ಕಡೆಯಿಂದ ಹದಿನೇಳರ ಹರೆಯದಲ್ಲಿ ಬಂದವನು ಮುರಿಗೆಪ್ಪ. ಮೂವತ್ತೈದು ವರ್ಷದಿಂದ ಒಂದೇ ಕಾರ್ಖಾನೆಯಲ್ಲಿ ಪ್ರೆಸ್ ಮಷಿನ್ ಮೇಲೆ ಸ್ಟೀಲ್ ಡಬ್ಬಿಗಳ ಮುಚ್ಚಳ ಒತ್ತುತ್ತಿದ್ದಾನೆ. ಆರು ಮಷಿನ್ ಒಟ್ಟಿಗೆ ಧಡ್ ಧಡ್ ಎಂದು ಗುದ್ದುವಾಗ ಪಕ್ಕದವನು ಬೈದರೂ ಕೇಳಿಸುವುದಿಲ್ಲ. ಹಾಗಾಗಿ ಅಲ್ಲಿ ಎಲ್ಲ ಕೈಸನ್ನೆಯ ಮಾತು. ಒಂದು ಬೆರಳು ಎತ್ತಿದರೆ ಚಹಾ. ಮುಷ್ಟಿ ತೋರಿಸಿದರೆ ಮಾಲು ಮುಗಿದಿದೆ. ಎರಡೂ ಕೈ ಮೇಲೆ ಹೋದವೋ, ಯಾರದೋ ಕೈ ಮಷಿನ್ನಿನಲ್ಲಿ ಸಿಕ್ಕಿದೆ, ಓಡಿ ಮೇನ್ ಎಳೆ ಎಂದರ್ಥ. ಯಾರು, ಯಾಕೆ ಎಂದು ಕೇಳುತ್ತ ನಿಂತರೆ ಕೈ ಹೋಗಿಬಿಡುತ್ತದೆ. ಹೀಗೆ ಓಡಿ ಚೆನ್ನಯ ಎಂಬುವವನ ಅಂಗೈ ಉಳಿಸಿದವನೂ ಇವನೇ.

ವಾರವಿಡೀ ಈ ಗುದ್ದು ಕೇಳಿದ ಕಿವಿಗೆ ಭಾನುವಾರದ ಕನ್ನಡ ಕ್ರೈಸ್ತ ಸಭೆ ಎಂದರೆ ತಣ್ಣೀರು ಹೊಯ್ದ ಹಾಗೆ. ಜೋಗೇಶ್ವರಿಯ ಶಾಲೆಯೊಂದರ ಹಾಲ್‌ನಲ್ಲಿ ಆರಾಧನೆ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಗೀತೆಗಳ ಪುಸ್ತಕ. ನಿಲ್ಲಿ ಎಂದಾಗ ನಿಲ್ಲುವುದು, ಕೂರಿ ಎಂದಾಗ ಕೂರುವುದು, ಮೌನ ಪ್ರಾರ್ಥನೆ ಎಂದಾಗ ಕೆಮ್ಮು ಬಂದರೂ ನುಂಗುವುದು. ಆ ಎರಡು ನಿಮಿಷದ ಮೌನದಲ್ಲಿ ದೇವರು ತನ್ನ ಪಕ್ಕದ ಕುರ್ಚಿಯಲ್ಲೇ ಬಂದು ಕೂತ ಹಾಗೆ ಅವನಿಗೆ ಅನಿಸುತ್ತಿತ್ತು. ಚಪ್ಪಾಳೆ ತಟ್ಟಿ ಕೂಗಾಡುವವರನ್ನು ಕಂಡರೆ ಮಾತ್ರ ಮೈ ಉರಿಯುತ್ತಿತ್ತು. "ದೇವರೇನ್ ಕಿವುಡ ಅದಾನೇನ್?" ಎನ್ನುತ್ತಿದ್ದ.

ಇಂಥವನ ಮಗಳು ರೂಪಾಲಿ ಹೋಗಿ ಹೋಗಿ ಅಂಥ ಮನೆಯ ಹುಡುಗನನ್ನೇ ಮೆಚ್ಚಿದಳು! ವಿಲೆ ಪಾರ್ಲೆಯಲ್ಲಿ ಏರ್‌ಪೋರ್ಟಿನ ಕೆಲಸ ಅವಳದು. ಹುಡುಗ ಅಮೋಲ್ ಕೂಡ ಅಲ್ಲೇ. ಅವನ ಮನೆ ಚೆಂಬೂರು. ಅಲ್ಲಿ ಕೊನೆಯ ಮಾತು ಅಜ್ಜಿ ಗುರುಬಾಯಿಯದು. ಅಕ್ಕಲಕೋಟೆ ಕಡೆಯ ಮುದುಕಿ, ಎಂಬತ್ತು ದಾಟಿದರೂ ಕನ್ನಡವೂ ಗಟ್ಟಿ, ದನಿಯೂ ಗಟ್ಟಿ. ಅವಳದೊಂದು ಕಟ್ಟಳೆ: ಬೀಗರಾಗುವವರು ಒಂದು ಭಾನುವಾರ ತಮ್ಮ ಆರಾಧನೆಗೆ ಬರಬೇಕು, ತಾವು ಒಂದು ಭಾನುವಾರ ಅವರಲ್ಲಿಗೆ ಹೋಗಬೇಕು. "ಉಣ್ಣೂದು ಉಡೂದು ಯಾರರ ನೋಡ್ತಾರ. ದೇವರ ಮುಂದ ಹೆಂಗ್ ಇರ್ತಾರ, ಅದನ್ನ ನೋಡ್ಬೇಕು," ಎನ್ನುತ್ತಿದ್ದಳು.

ಮೊದಲ ಭಾನುವಾರ ಅವಳು ಜೋಗೇಶ್ವರಿಗೆ ಬಂದಳು. ಮೌನ ಪ್ರಾರ್ಥನೆಯ ನಡುವೆ "ಹಲ್ಲೆಲೂಯಾ!" ಎಂದು ಎಂಥ ದನಿ ತೆಗೆದಳೆಂದರೆ ಮುಂದಿನ ಸಾಲಿನ ಮಗು ಎಚ್ಚರವಾಗಿ ಅತ್ತಿತು. ಮುರಿಗೆಪ್ಪ ತಿರುಗಿ ಕಣ್ಣು ಕೆಕ್ಕರಿಸಿದ. ಮುದುಕಿ ಚಹಾ ಅರ್ಧಕ್ಕೆ ಬಿಟ್ಟು ಹೋದಳು. ರೂಪಾಲಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಹಾಗಾಗಿ ಎರಡನೆಯ ಭಾನುವಾರ ವಡಾಳಾದಲ್ಲಿ ಲೋಕಲ್ ರೈಲು ಬದಲಿಸುವಾಗ ಮಗಳು ಅಪ್ಪನ ತೋಳು ಹಿಡಿದುಕೊಂಡೇ ಇದ್ದಳು. "ಪಪ್ಪಾ, ಆಜ್ ಗುಸ್ಸಾ ಬಿಲ್ಕುಲ್ ನಹೀ, ಸಿಟ್ಟಾಗಬ್ಯಾಡ. ಇವತ್ತು ಬಿಗಡ್‌ಗಯಾ ತೋ... ಅಜ್ಜಿ ಹಾಂ ಅನ್ನಂಗಿಲ್ಲ."

"ಬಾಯೇ ತೆಗ್ಯಂಗಿಲ್ಲ ನಾ. ಹೊಲದು ಕಳಸು ಬೇಕಾದ್ರ."

"ಬಾಯಿ ಹೊಲದ್ರ ಕಣ್ಣ ಮಾತಾಡ್ತಾವ್ ನಿಮ್ಮವು," ಎಂದಳು ಹೆಂಡತಿ ಸುಂದ್ರವ್ವ. "ಹಿಂದ ಬಾಗಲಾ ಹತ್ರ ಕೂಡ್ರಿ, ಕಣ್ಣ ಮುಚ್ಚಿ."

ಅವನು ಹಾಗೆಯೇ ಮಾಡಿದ. ಅಂಗಡಿಗಳ ಮೇಲಿನ ಮಹಡಿಯಲ್ಲೊಂದು ಹಾಲ್, ಕಿಟಕಿಗಳಿಗೆಲ್ಲ ದಪ್ಪ ಪರದೆ. ಕೊನೆಯ ಸಾಲು, ಕೊನೆಯ ಕುರ್ಚಿ. ಪಕ್ಕದ ಗೋಡೆಯ ಮೇಲೆ ಹಳೇ ಕಾಲದ ಕಬ್ಬಿಣದ ಮೇನ್ ಸ್ವಿಚ್. ಪಾಸ್ಟರ್ ತಿಲಕ್ ಮೈಕ್ ಹಿಡಿದರು, ಕೀಬೋರ್ಡು, ಗಿಟಾರು, ಡ್ರಮ್ಮು ಶುರುವಾದವು. ಮುರಿಗೆಪ್ಪ ಹಲ್ಲು ಕಚ್ಚಿ ಕಣ್ಣು ಮುಚ್ಚಿದ. ಡ್ರಮ್ಮಿನ ಧಡ್ ಧಡ್ ಪರಿಚಯದ್ದು, ಮಷಿನ್ನಿನದೇ ತಾಳ. ಹಿಂದಿನ ದಿನ ಓವರ್‌ಟೈಮ್ ಬೇರೆ ಮಾಡಿದ್ದ. ಹತ್ತು ನಿಮಿಷದಲ್ಲಿ ಗೊರಕೆ ಹೊಡೆಯತೊಡಗಿದ.

ಒಬ್ಬ ಹೆಂಗಸು "ಪ್ರಭೂ!" ಎಂದು ಕೂಗಿದಳು. ಮುರಿಗೆಪ್ಪ ಗಕ್ಕನೆ ಕಣ್ಣು ತೆರೆದ. ಧಡ್ ಧಡ್ ಸದ್ದು. ಎದುರಿಗೆ ಎರಡೂ ಕೈ ಮೇಲೆ! ಒಬ್ಬರದಲ್ಲ, ನೂರು ಜನರದು! ಕೆಲವರ ಕಣ್ಣಲ್ಲಿ ನೀರು!

ಅವನು ಜಿಗಿದು ಮೇನ್ ಎಳೆದ.

ದೀಪ, ಫ್ಯಾನು, ಮೈಕು, ಕೀಬೋರ್ಡು, ಎಲ್ಲ ಒಮ್ಮೆಲೇ ಸತ್ತವು. ಡ್ರಮ್ಮಿನವನು ಇನ್ನೊಂದೇಟು ಹಾಕಿ ಹೆದರಿ ನಿಲ್ಲಿಸಿದ. ಮಬ್ಬುಗತ್ತಲಲ್ಲಿ ನೂರು ಜನ ಎತ್ತಿದ ಕೈ ಇಳಿಸದೆ ನಿಂತಿದ್ದರು. ಇದು ಪವಿತ್ರಾತ್ಮನ ಕೆಲಸವೇ ಎಂದುಕೊಂಡು ಮುಂದಿನ ಸಾಲಿನವರು ಮೆಲ್ಲಗೆ ಮೊಣಕಾಲೂರಿದರು. ಅವರನ್ನು ನೋಡಿ ಹಿಂದಿನವರೂ ಊರಿದರು. ಪಾಸ್ಟರೂ ಊರಿದರು.

ಯಾರೋ ಪರದೆ ಸರಿಸಿದರು. ಬೆಳಕು ನೇರ ಮುರಿಗೆಪ್ಪನ ಮೇಲೆ. ಇಡೀ ಸಭೆಯಲ್ಲಿ ನಿಂತವನು ಅವನೊಬ್ಬನೇ. ಸ್ವಿಚ್ಚನ್ನು ಮತ್ತೆ ಮೇಲಕ್ಕೆ ನೂಕಲು ಹೋದ, ಹಿಡಿ ಕಿತ್ತು ಕೈಗೇ ಬಂತು.

ರೂಪಾಲಿ ಮುಖ ಮುಚ್ಚಿಕೊಂಡಳು. ಗುರುಬಾಯಿ ಕೋಲೂರಿಕೊಂಡು ಎದ್ದು ಬಂದಳು.

"ಏನ್ ತಮ್ಮಾ, ನಮ್ಮ ಸ್ತುತಿ ಸೇರಲಿಲ್ಲಂತ ದೀಪಾನೇ ಆರಿಸಿದೇನು? ಹೋದ ವಾರದ ಸೇಡೇನಿದು?"

"ಇಲ್ಲ ಆಯಿ! ದೇವರಾಣಿ ಇಲ್ಲ!" ಮುರಿಗೆಪ್ಪ ಹಿಡಿ ಸಮೇತ ಕೈ ಮುಗಿದ. ನೂರು ಜನ ತಿರುಗಿ ನೋಡುತ್ತಿದ್ದರು. "ನಾ... ನನಗ ಜರಾ ಕಣ್ಣ ಹತ್ತಿತ್ತು. ತೆಗದ್ ನೋಡ್ದ್ರ ಎಲ್ಲಾರ ಕೈ ಮ್ಯಾಲ. ನಮ್ ಕಾರ್ಖಾನ್ಯಾಗ ಎರಡೂ ಕೈ ಎತ್ತಿದ್ರಂದ್ರ ಯಾರದೋ ಕೈ ಮಷಿನ್ನಾಗ ಸಿಕ್ಕದ, ಮೇನ್ ಎಳಿ ಅಂತ. ನೂರ್ ಮಂದಿ ಎತ್ಯಾರಲ್ಲ, ನನ್ ಎದಿನೇ ಒಡೀತು ಆಯಿ. ಉಳಸ್‌ಬೇಕಂತ ಓಡ್ದೆ."

ಮುದುಕಿ ಅವನ ಮುಖ ನೋಡಿದಳು, ಕೈಯಲ್ಲಿದ್ದ ಹಿಡಿ ನೋಡಿದಳು. ಅವಳ ಹೊಟ್ಟೆ ಕುಲುಕತೊಡಗಿತು. ನಕ್ಕಳು ನಕ್ಕಳು, ಹಲ್ಲಿನ ಸೆಟ್ಟು ಜಾರಿ ಸೆರಗಿನಲ್ಲಿ ಬಿತ್ತು. ಅದನ್ನು ಒರೆಸಿ ಹಾಕಿಕೊಂಡು ಮತ್ತೆ ನಕ್ಕಳು.

"ಹುಚ್ಚಪ್ಪಾ, ನಾವೂ ಅದಕ್ಕೇ ಎತ್ತೂದು! ಸಿಕ್ಕೊಂಡೀವಿ, ಓಡಿ ಬಾ, ಉಳಸು ಅಂತ. ನಾ ಕೈ ಎತ್ತಾಕ ಹತ್ತಿ ನಲವತ್ತ ವರ್ಷ ಆತು. ಅದನ್ನ ನೋಡಿ ಒಬ್ಬ ಮನಷ್ಯಾ ಓಡಿ ಬಂದದ್ದು ಇವತ್ತೇ!"

ಸಭೆಯೇ ಘೊಳ್ಳೆಂದಿತು. ಮೊಣಕಾಲೂರಿದವರು ಅಲ್ಲೇ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. "ಈಗ ಹಾಡೂದ್ ಹ್ಯಾಂಗ, ಕರೆಂಟ್ ಇಲ್ಲ," ಎಂದರು ಪಾಸ್ಟರ್.

"ಕರೆಂಟ್ ಯಾಕ್ ಬೇಕ್ರಿ ಹಾಡ್ಲಿಕ್ಕ?" ಎಂದವಳು ಸುಂದ್ರವ್ವ! ಜೋಗೇಶ್ವರಿಯಲ್ಲಿ ಪುಸ್ತಕದಿಂದ ತಲೆ ಎತ್ತದವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ತವರಿನ ಭಜನೆ ಎತ್ತಿದಳು. "ಬಂದಾನ ಬಂದಾನ ನಮ್ಮ ಯೇಸು ಬಂದಾನ, ಬಾಗಲಾ ತೆಗೀರೆವ್ವಾ, ಕಸಾ ಹೊಡೀರೆವ್ವಾ!" ಕನ್ನಡ ತಿಳಿಯದ ಮರಾಠಿ ಮಂದಿಯೂ ಎರಡನೆಯ ಸುತ್ತಿಗೆ "ಬಂದಾನ ಬಂದಾನ" ಎಂದು ಚಪ್ಪಾಳೆ ಹಿಡಿದರು. ಗುರುಬಾಯಿ ಕೋಲು ಬಿಸಾಕಿ ಸುಂದ್ರವ್ವನ ಕೈ ಹಿಡಿದು ತಿರುಗಿದಳು. ಅಮೋಲ್ ಕುರ್ಚಿ ಬಡಿದು ತಾಳ ಹಾಕಿದ. ಮುರಿಗೆಪ್ಪ ಒಂದು ರೂಪಾಯಿ ಬಿಲ್ಲೆಯಿಂದ ಸ್ವಿಚ್ಚಿನ ಸ್ಕ್ರೂ ಬಿಚ್ಚುತ್ತ ಕೂತವನು, ತನ್ನ ಬಾಯಿಯೇ ಹಾಡುತ್ತಿರುವುದನ್ನು ಸ್ವಲ್ಪ ತಡವಾಗಿ ಗಮನಿಸಿದ. ಆ ಗದ್ದಲದಲ್ಲೂ ಪಕ್ಕದ ಕುರ್ಚಿ ಖಾಲಿ ಅನಿಸಲಿಲ್ಲ ಅವನಿಗೆ. ಬೆರಗಾಯಿತು.

ಏದುಸಿರು ಬಿಡುತ್ತ ಗುರುಬಾಯಿ ಬಂದು ಅವನೆದುರು ಕೂತಳು. "ನಿನ್ನ ಪೋರಿ ಇನ್ನ ನಮ್ಮಾಕಿ. ಲಗ್ನಾ ಈ ಹಾಲ್‌ನಾಗೇ."

"ಯಾಕ್ ಆಯಿ, ಈ ಹಾಲ್‌ನಾಗ? ಹೆಣ್ಣಿನ ಕಡಿ ನಾವು, ಜೋಗೇಶ್ವರ್ಯಾಗ ಆಗ್ಬೇಕು. ಮೌನ ಪ್ರಾರ್ಥನಿ ಬಿಡಾಂವಲ್ಲ ನಾ, ಈಗೇ ಹೇಳ್ತೀನಿ!"

"ಎರಡ ನಿಮಿಷ ಕೊಡ್ತೀನಿ. ಜಾಸ್ತಿ ಕೇಳಬ್ಯಾಡ."

"ಐದು!"

"ಮೂರು. ಮುಗದ ಕೂಡ್ಲೆ ನಾ ಹಲ್ಲೆಲೂಯಾ ಅನ್ನಾಕಿ."

"ಮುಗದ ಮ್ಯಾಲ ಅನ್ರಿ, ನಡುವ ಬ್ಯಾಡ!"

"ಪಪ್ಪಾ!" ಎಂದು ರೂಪಾಲಿ ಚೀರಿದಳು. ಅಷ್ಟರಲ್ಲಿ ಅಮೋಲ್ ಮದುವೆ ಗೊತ್ತಾದ ಬಾಯಿ ಸಿಹಿಗೆಂದು ಚಹಾದ ಮೇಜಿನಿಂದ ಸಕ್ಕರೆ ಡಬ್ಬಿ ಹಿಡಿದು ಓಡಿ ಬಂದ. ಗುರುಬಾಯಿ ಮುಷ್ಟಿ ತುಂಬ ಸಕ್ಕರೆ ತೆಗೆದು, ಇನ್ನೂ ಏನೋ ಹೇಳಲು ತೆರೆದಿದ್ದ ಮುರಿಗೆಪ್ಪನ ಬಾಯಿಗೆ ತುರುಕಿದಳು.